ಉಡುಪಿನ ಹೊಣೆ ಯಾರದು



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಮಹನೀಯರು ಬಹುಕಾಲ ಜವಳಿಯ ವ್ಯಾಪಾರವನ್ನು ನಡೆಸಿದವರೆಂದೂ, ಲೋಕವ್ಯವಹಾರಕ್ಕೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯತಕ್ಕದ್ದೆಂದು ನಿಬಂಧನೆ ಮಾಡಿದವರೆಂದೂ ಕಾರ್ಯದರ್ಶಿಗಳು ಪತ್ರಮುಖೇನ ತಿಳಿಸಿದಾಗ, ನನ್ನ ಮನಸ್ಸಿನಲ್ಲಿ ಬಹು ದಿನಗಳಿಂದ ಇದ್ದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದಕ್ಕೆ ಇದಕ್ಕಿಂತ ಯೋಗ್ಯವಾದ ಪೀಠ ದೊರೆಯಲಾರದೆಂದು ತೋರಿತು. ಕಚೇರಿಯಲ್ಲಿ, ಶಾಲೆಯಲ್ಲಿ, ನ್ಯಾಯಸ್ಥಾನದಲ್ಲಿ, ಸಭೆ ಸಮಾರಂಭಗಳಲ್ಲಿ, ಬೀದಿಯಲ್ಲಿ ನಾವು ಈಗ ಉಡುವ ಬಟ್ಟೆ ಅತಿಯಾಗಿ ಸಡಿಲವಾಯಿತೆ, ಮನೆಯ ಹಿತ್ತಿಲಿಗೂ ಊರ ಚಾವಡಿಗೂ ಉಡುಪಿನಲ್ಲಿ ಇದ್ದ ಅಂತರ ಅಳಿಸಿಹೋಯಿತೆ, ಹಾಗೆ ಅಳಿಸಿಹೋಗಿದ್ದರೆ ಅದರಿಂದ ಆದ ನಷ್ಟವೇನು, ಲಾಭವೇನು ಎಂಬುದು ಆ ಪ್ರಶ್ನೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದಿರುವುದೇ. ಎಳೆಯ ವಯಸ್ಸಿನಲ್ಲಿ ನಾನು ಇದನ್ನು ಪರರ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂಬ ಉಪದೇಶವೆಂದೇ ಭಾವಿಸಿದ್ದೆನು. ಆದುದರಿಂದ ಅದರ ಮೇಲೆ ನನಗೆ ಅಷ್ಟು ಪ್ರೀತಿ ಇರಲಿಲ್ಲ. ವಯಸ್ಸಾದಂತೆ ಅದರ ಅರ್ಥ ಬೇರೊಂದು ರೀತಿಯಲ್ಲಿ ತೆರೆದುಕೊಂಡಿತು. ಉಂಡ ಅನ್ನ ಉಂಡವನ ಹೊಟ್ಟೆಯಲ್ಲಿಯೇ ಜೀರ್ಣವಾಗತಕ್ಕದ್ದು. ಅದರಲ್ಲಿ ಇತರರಿಗೆ ಭಾಗವಿಲ್ಲ. ಉಟ್ಟ ಬಟ್ಟೆಯಾದರೋ ಉಟ್ಟವನಿಗಿಂತ ಹೆಚ್ಚಾಗಿ ಎದುರಿಗಿರುವವರ ಕಣ್ಣಿನ ಪಾಲಿಗೆ ಬರುತ್ತದೆ. ತನ್ನ ಅಂಗಿಯ ಬೆನ್ನು ಹೇಗಿದೆಯೆಂದು ತೊಟ್ಟವನು ದಿನವೆಲ್ಲ ನೋಡಲಾರನು. ಅವನ ಹಿಂದೆ ಸಾಲಿನಲ್ಲಿ ನಿಂತವನು ನೋಡುತ್ತಾನೆ. ನಮ್ಮ ಉಡುಪಿನಲ್ಲಿ ಇತರರಿಗೆ ಒಂದು ಪಾಲು ಇದೆ ಎಂಬಷ್ಟನ್ನೇ ಗಾದೆ ಹೇಳುತ್ತಿದೆ. ಯಾವ ಪಾಲು, ಯಾರಿಗೆ, ಎಷ್ಟು ಎಂಬುದನ್ನು ನಾವು ವಿಚಾರಿಸಿಕೊಳ್ಳಬೇಕು.

ಮುಂದೆ ಹೋಗುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ ಉಡುಪಿನ ವಿಚಾರ ಎದ್ದೊಡನೆ ಅದು ಹೆಣ್ಣುಮಕ್ಕಳು ಏನನ್ನು ಉಡಬೇಕು, ಏನನ್ನು ಉಡಬಾರದು ಎಂಬ ಕಡೆಗೆ ಹರಿದುಬಿಡುತ್ತದೆ. ಆ ದಾರಿಯಲ್ಲಿ ನಾನು ಒಂದು ಹೆಜ್ಜೆಯನ್ನೂ ಇಡುವವನಲ್ಲ. ಹೆಂಗಸರ ಉಡುಪಿನ ಮೇಲೆ ಗಂಡಸರು ಮಾಡಿರುವ ಉಪನ್ಯಾಸಗಳು ಈಗಾಗಲೇ ಅಪಾರವಾಗಿವೆ. ಗಂಡಸರು ತಮ್ಮ ಉಡುಪನ್ನು ಕುರಿತು ಆಲೋಚಿಸಿರುವುದು ಅತ್ಯಲ್ಪ. ನಾನು ನೋಡಿದ ಮಟ್ಟಿಗೆ, ಕಚೇರಿಗಳಲ್ಲಿ ಇಂದಿಗೂ ಒಗೆದು ಮಡಿಸಿದ ಬಟ್ಟೆಯನ್ನು ಒಪ್ಪವಾಗಿ ಉಟ್ಟು ಬರುವವರಲ್ಲಿ ಹೆಂಗಸರೇ ಹೆಚ್ಚು.

ನಮ್ಮ ತಂದೆಯವರು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಅವರಿಗೆ ಇದ್ದುದು ಒಂದೇ ಕೋಟು. ಕಂದುಬಣ್ಣದ್ದು, ಕತ್ತಿನವರೆಗೆ ಗುಂಡಿಗಳಿದ್ದುದು, ಮೊಳಕೈಯ ಬಳಿ ಹೊರಗೆ ಕಾಣದಂತೆ ಒಳಗಿನಿಂದ ತೇಪೆ ಹಾಕಿದ್ದುದು. ರಾತ್ರಿ ಊಟವಾದ ಮೇಲೆ ನಮ್ಮ ತಾಯಿ ಒಲೆಯ ಕೆಂಡವನ್ನು ಹಿತ್ತಾಳೆಯ ಚೊಂಬಿಗೆ ತುಂಬಿ, ಅದರ ಕಂಠವನ್ನು ಹಳೆಯ ಬಟ್ಟೆಯಿಂದ ಹಿಡಿದು, ಜಮಖಾನದ ಮೇಲೆ ಹರಡಿದ ಪಂಚೆಯ ಮೇಲೆ ನಿಧಾನವಾಗಿ ಎಳೆಯುತ್ತಿದ್ದರು. ಚೊಂಬಿನ ತಳದಲ್ಲಿ ಮಸಿ ಇರದಂತೆ ಮೊದಲೇ ಹುಣಿಸೆಹಣ್ಣಿನಿಂದ ತಿಕ್ಕಿ ಒರಸಿರಬೇಕು. ಬಟ್ಟೆಗೆ ಕೈಯಿಂದ ನೀರು ಚಿಮುಕಿಸಿರಬೇಕು. ಚೊಂಬು ಹೆಚ್ಚು ಕಾಯ್ದಿದ್ದರೆ ಒದ್ದೆಯ ಗೋಣಿಯ ಮೇಲೆ ಒಮ್ಮೆ ಇಟ್ಟು ತೆಗೆಯಬೇಕು. ಕೋಟಿಗೆ ಈ ಉಪಚಾರವಿರಲಿಲ್ಲ. ಅದನ್ನು ನೆರಿಗೆ ಬೀಳದಂತೆ ಮಡಚಿ ಹಾಸಿಗೆಯ ಕೆಳಗಿಟ್ಟರೆ ಮಲಗಿದವರ ಭಾರವೇ ಅದಕ್ಕೆ ಇಸ್ತ್ರಿ. ಬೆಳಗ್ಗೆ ಒಂಬತ್ತೂವರೆಗೆ ತಂದೆಯವರು ಆ ಪಂಚೆಯನ್ನು ಕಚ್ಚೆ ಹಾಕಿ ಉಟ್ಟು, ಆ ಕೋಟನ್ನು ತೊಟ್ಟು, ತಲೆಗೆ ಬಿಳಿಯ ರುಮಾಲನ್ನು ಸುತ್ತಿ, ಮಣ್ಣಿನ ಗೋಡೆಯ, ಎರಡು ಕೊಠಡಿಯ ಆ ಶಾಲೆಗೆ ಹೊರಡುತ್ತಿದ್ದರು. ಅಲ್ಲಿ ಅವರ ಮುಂದೆ ಕುಳಿತುಕೊಳ್ಳುತ್ತಿದ್ದವರು ಅರ್ಧಕ್ಕರ್ಧ ಜನ ಅಂಗಿಯೂ ಸರಿಯಾಗಿಲ್ಲದ ಮಕ್ಕಳು. ಬೇಸಗೆಯ ಒಂದು ದಿನ, ಬೆವರಿನಿಂದ ಅವರ ಕತ್ತು ತೊಯ್ದಿದ್ದುದನ್ನು ಕಂಡು, ‘ಅಪ್ಪಾ, ಈ ಹಳ್ಳಿ ಮಕ್ಕಳಿಗೆ ಕೋಟು ಯಾಕೆ? ನೋಡುವವರು ಯಾರಿದ್ದಾರೆ?’ ಎಂದು ನಾನು ಕೇಳಿದೆನು. ಅವರು ಹೇಳಿದುದು ನನ್ನ ಕಿವಿಯಲ್ಲಿ ಇಂದಿಗೂ ಇದೆ: ‘ಅವರ ಅಮ್ಮಂದಿರು ಹೊತ್ತಾರೆ ಎದ್ದು, ಇಲ್ಲದ ಎಣ್ಣೆ ಹೊಂದಿಸಿ, ತಲೆ ಬಾಚಿ ಕಳಿಸಿರ್ತಾರೆ ಕಣೋ. ಅಷ್ಟು ಮಾಡಿ ಕಳಿಸಿದ ಮಕ್ಕಳ ಮುಂದೆ ನಾನು ಹೆಂಗೆ ಬೇಕೋ ಹಂಗೆ ಹೋಗಿ ನಿಂತರೆ ಆಗತ್ತೇನು?’

ಆ ಕಾಲದ ಉಡುಪನ್ನು ಪುರಾತನವೆಂದೂ ಶುದ್ಧವೆಂದೂ ಭಾವಿಸಿ ಅದಕ್ಕಾಗಿ ಹಂಬಲಿಸುವುದು ನನ್ನ ಉದ್ದೇಶವಲ್ಲ. ಕಚ್ಚೆಪಂಚೆಯ ಮೇಲೆ ಯೂರೋಪಿನ ಕತ್ತರಿಗೆ ಸಿಕ್ಕಿದ ಕೋಟು, ಅದರ ಮೇಲೆ ಜರಿಯಂಚಿನ ಪೇಟ, ಕಾಲಿಗೆ ಕಾಲ್ಚೀಲವಿಲ್ಲದ ಪಾಪೋಸು ಎಂಬ ಆ ವೇಷ ಎರಡು ಲೋಕಗಳನ್ನು ಬೆಸೆದುದೇ ಆಗಿದ್ದಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಪಾಶ್ಚಾತ್ಯ ಕ್ರಮದ ಸೂಟಿನ ಮೇಲೆ ಮೈಸೂರು ಪೇಟವನ್ನು ಧರಿಸಿದರು. 1930ರಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ರಾಮನ್ನರು ಅಲ್ಲಿಯೂ ತಮ್ಮ ರುಮಾಲನ್ನು ಬಿಡಲಿಲ್ಲ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ ರಾಧಾಕೃಷ್ಣನ್ನರು ಉದ್ದ ಕೋಟು, ಬಿಳಿಯ ಪಂಚೆ, ಬಿಳಿಯ ರುಮಾಲುಗಳನ್ನು ರಾಷ್ಟ್ರಪತಿಗಳ ಭವನಕ್ಕೂ ಕೊಂಡೊಯ್ದರು. ಇವರ ಉಡುಪುಗಳು ಒಂದರಂತೆ ಒಂದಿರಲಿಲ್ಲ. ಸಮಾನವಾಗಿದ್ದುದು ಅದರ ಹಿಂದಿನ ಗಮನ. ಮನೆಯಿಂದ ಹೊರಗೆ ಕಾಲಿಡುವಾಗ ಒಂದು ಸಂಕಲ್ಪ ಇದ್ದಿತು. ಆ ಸಂಕಲ್ಪವನ್ನೇ ನಾನು ಇಂದು ಹುಡುಕುತ್ತಿದ್ದೇನೆ, ಪೇಟವನ್ನಲ್ಲ.

ಅಲ್ಲದೆ ಆ ಹಳೆಯ ಮರ್ಯಾದೆಗೆ ಒಂದು ಕ್ರೂರವಾದ ಮಗ್ಗುಲೂ ಇದ್ದಿತು. ಅದನ್ನು ಮರೆತು ಮಾತನಾಡುವುದು ಅಪ್ರಾಮಾಣಿಕತೆಯಾದೀತು. ಯಾರು ಮೊಳಕಾಲಿನ ಕೆಳಗೆ ಬಟ್ಟೆ ಉಡಬಹುದು, ಯಾರು ಮೇಲಿನವರ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಬಹುದು, ಯಾರು ಹೆಗಲ ಮೇಲಿನ ವಸ್ತ್ರವನ್ನು ಇಳಿಸಿ ಕಂಕುಳಿಗೆ ಸೇರಿಸಿ ನಿಲ್ಲಬೇಕು ಎಂಬುದನ್ನು ಊರೂರಿನಲ್ಲಿಯೂ ಜಾತಿ ನಿರ್ಣಯಿಸುತ್ತಿದ್ದಿತು. ತಿರುವಾಂಕೂರಿನಲ್ಲಿ ನಾಡಾರ್ ಸಮುದಾಯದ ಹೆಂಗಸರು ತಮ್ಮ ಎದೆಯನ್ನು ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು, ಹೊಡೆತ ತಿನ್ನಬೇಕಾಯಿತು, ಕೊನೆಗೆ 1859ರಲ್ಲಿ ಹೊರಟ ರಾಜಶಾಸನವೂ ಮೇಲುಜಾತಿಯ ಹೆಂಗಸರು ಹೊದೆಯುವ ರೀತಿಯಲ್ಲಿ ಮಾತ್ರ ಹೊದೆಯಕೂಡದೆಂದು ಕಟ್ಟು ಮಾಡಿಯೇ ಅನುಮತಿ ನೀಡಿತು. ಒಂದು ಮೊಳ ಬಟ್ಟೆಯನ್ನು ಕೊಡುವಾಗಲೂ ಅದರ ಮಡಿಕೆಯಲ್ಲಿ ಅಂತಸ್ತನ್ನು ಉಳಿಸಿಕೊಂಡರೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಇಪ್ಪತ್ತನೆಯ ಶತಮಾನದ ಇಬ್ಬರು ಮಹಾಪುರುಷರು ಈ ಅನ್ಯಾಯಕ್ಕೆ ತಮ್ಮ ಮೈಮೇಲಿನ ಬಟ್ಟೆಯಿಂದಲೇ ಉತ್ತರವನ್ನು ಕೊಟ್ಟರು, ಇಬ್ಬರೂ ವಿರುದ್ಧ ದಿಕ್ಕುಗಳಲ್ಲಿ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧೀಜಿಯವರು ಅಂಗಿ ಟೋಪಿಗಳನ್ನು ತ್ಯಜಿಸಿ ಮೊಳಕಾಲುದ್ದದ ತುಂಡುಪಂಚೆಗೆ ಇಳಿದರು; ಮೈತುಂಬ ಖಾದಿಯನ್ನು ಕೊಳ್ಳಲಾರದ ಬಡವನಿಗೆ ಸಮನಾಗಿ ನಿಲ್ಲಬೇಕೆಂಬುದು ಅವರ ಆಶಯ. ಹತ್ತು ವರ್ಷಗಳ ತರುವಾಯ ಲಂಡನ್ನಿನ ಅರಮನೆಯಲ್ಲಿ ಚಕ್ರವರ್ತಿಯ ಸಮ್ಮುಖಕ್ಕೂ ಅದೇ ಉಡುಪಿನಲ್ಲಿ, ಮೇಲೊಂದು ಶಾಲನ್ನು ಹೊದ್ದು ಹೋದರು. ಅಂಬೇಡ್ಕರರಾದರೋ ಶುಭ್ರವಾದ ಸೂಟನ್ನು ತೊಟ್ಟು, ಟೈ ಕಟ್ಟಿ, ಯಾರ ಮುಂದೆಯೂ ಮೇಲುವಸ್ತ್ರವನ್ನು ಇಳಿಸದ ಠೀವಿಯಲ್ಲಿ ನಿಂತರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ನೆರೆದಿದ್ದ ದಲಿತ ಹೆಂಗಸರಿಗೆ, ಜಾತಿಯ ಗುರುತನ್ನು ಸಾರುವ ಭಾರವಾದ ಒಡವೆಗಳನ್ನು ಕಳಚಿರಿ, ಸೀರೆಯನ್ನು ಉಳಿದವರು ಉಡುವಂತೆ ಕಾಲು ಮುಚ್ಚುವ ಹಾಗೆ ಉಡಿರಿ ಎಂದು ಬೋಧಿಸಿದರು. ಉಡಲು ಬಿಡದಿದ್ದವರಿಗೆ ಉಡುವುದೇ ಸ್ವಾತಂತ್ರ್ಯ. ಎಲ್ಲವೂ ಇದ್ದವರಿಗೆ ಬಿಡುವುದು ತ್ಯಾಗ. ಗಾಂಧೀಜಿಯವರ ತುಂಡುಪಂಚೆಯೂ ಅಂಬೇಡ್ಕರರ ಸೂಟೂ ಒಂದೇ ಪ್ರಮಾಣದ ಎಚ್ಚರದಿಂದ ಹುಟ್ಟಿದುವು. ಈ ಇಬ್ಬರಲ್ಲಿ ಯಾರನ್ನೂ ‘ಹೇಗೋ ಉಟ್ಟುಕೊಂಡು ಬಂದರು’ ಎಂದು ಹೇಳಲಾಗದು.

ನಮ್ಮ ನಾಡಿಗೆ ಇನ್ನೂ ಹಳೆಯ ನಿದರ್ಶನಗಳಿವೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಗೂ ಹಿಂದಿನಿಂದ ನಿಂತಿರುವ ಗೊಮ್ಮಟನಿಗೆ ಎಳೆ ನೂಲಿನ ಆಚ್ಛಾದನೆಯೂ ಇಲ್ಲ. ಉಡುತಡಿಯ ಮಹಾದೇವಿಯಕ್ಕ ಅರಮನೆಯ ವಸ್ತ್ರವನ್ನು ಕಳಚಿಟ್ಟು ಕೇಶವನ್ನೇ ಹೊದಿಕೆಯಾಗಿ ಮಾಡಿಕೊಂಡು ನಡೆದಳು. ಇಂಥ ಬತ್ತಲೆಯ ಮುಂದೆ ತಲೆಬಾಗಿದ ಜನ ಬಟ್ಟೆಯೇ ಮನುಷ್ಯನೆಂದು ಎಂದೂ ನಂಬಿದವರಲ್ಲ. ಆದರೆ ಅವರು ತಲೆಬಾಗಿದ್ದು ವೈರಾಗ್ಯಕ್ಕೆ. ವೈರಾಗ್ಯ ಬೇರೆ, ಔದಾಸೀನ್ಯ ಬೇರೆ. ಎರಡರಲ್ಲಿಯೂ ಮೈಮೇಲೆ ಬಟ್ಟೆ ಕಡಮೆಯಾಗಿ ಕಂಡಮಾತ್ರಕ್ಕೆ ಎರಡೂ ಒಂದಾಗುವುದಿಲ್ಲ.

ಇನ್ನು ಈಗಿನ ಉಡುಪಿನ ಸಡಿಲಿಕೆ ಬಂದ ಬಗೆಯನ್ನು ಸಂಗ್ರಹವಾಗಿ ಹೇಳುವೆನು. ಜೀನ್ಸ್ ಎಂಬ ದಪ್ಪ ನೂಲಿನ ಷರಾಯಿ ಮೊದಲು ದುಡಿಮೆಗಾರನದು. 1873ರಲ್ಲಿ ಅಮೆರಿಕದ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೆವಿ ಸ್ಟ್ರಾಸ್ ಎಂಬ ಜವಳಿ ವ್ಯಾಪಾರಿಯೂ ಕೂಡಿ, ಜೇಬು ಹರಿಯದಂತೆ ಮೂಲೆಗಳಿಗೆ ತಾಮ್ರದ ಮೊಳೆ ಬಡಿಯುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದರು. ಟೀ ಷರ್ಟು ಅಲ್ಲಿಯ ನಾವಿಕರ ಒಳಅಂಗಿ. ಹವಾಯಿ ದ್ವೀಪಗಳಲ್ಲಿ 1966ರಿಂದ, ಅಲ್ಲಿಯ ಉಡುಪಿನ ತಯಾರಕರ ಒತ್ತಾಸೆಯಿಂದ, ಶುಕ್ರವಾರದಂದು ಕಚೇರಿಗೆ ಹೂವಿನ ಚಿತ್ರದ ಅಂಗಿಯನ್ನು ತೊಟ್ಟು ಬರುವ ರೂಢಿ ಬಿದ್ದಿತು. ಅದು ಕ್ರಮೇಣ ಅಮೆರಿಕದ ಒಳನಾಡಿಗೂ ಹರಡಿ, 1992ರಲ್ಲಿ ಅದೇ ಲೆವಿ ಸ್ಟ್ರಾಸ್ ಕಂಪನಿಯವರು ಕಚೇರಿಗೆ ಒಪ್ಪುವ ಸಡಿಲ ಉಡುಪು ಹೇಗಿರಬೇಕೆಂಬ ಕೈಪಿಡಿಯನ್ನು ಅಚ್ಚುಹಾಕಿಸಿ ಕಂಪನಿಗಳ ಆಡಳಿತಗಾರರಿಗೆ ಹಂಚಿದರು. ನಾವು ಸ್ವಾತಂತ್ರ್ಯವೆಂದು ತಿಳಿದುಕೊಂಡಿರುವುದರಲ್ಲಿ ವ್ಯಾಪಾರದ ಪಾಲು ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ತಂತ್ರಾಂಶದ ಉದ್ಯಮ ಬೆಂಗಳೂರಿನಲ್ಲಿ ಬೆಳೆದಂತೆ ಈ ರೂಢಿ ಇಲ್ಲಿಗೂ ಬಂದಿತು. ಟೈ ಕಟ್ಟಿಸುವುದರಲ್ಲಿ ನಿಷ್ಠೆ ತೋರುತ್ತಿದ್ದ ಇನ್ಫೋಸಿಸ್ ಸಂಸ್ಥೆಯೂ 2015ರಲ್ಲಿ ವಾರದ ಎಲ್ಲ ದಿನಗಳಲ್ಲಿಯೂ ಸಡಿಲವಾದ ಉಡುಪಿಗೆ ಅನುಮತಿ ನೀಡಿತು.

ಇದರಲ್ಲಿ ಒಳ್ಳೆಯದು ಏನೂ ಇಲ್ಲವೆಂದು ನಾನು ಹೇಳಲಾರೆ. ಚಳಿಯ ದೇಶದವರು ಕಂಡುಹಿಡಿದ ಕತ್ತುಪಟ್ಟಿಯನ್ನು ಏಪ್ರಿಲ್ ತಿಂಗಳಿನಲ್ಲಿ ಕಲಬುರಗಿಯಲ್ಲಿಯೋ ರಾಯಚೂರಿನಲ್ಲಿಯೋ ಬಿಗಿದುಕೊಂಡು ಕುಳಿತು, ಅದರ ಸೆಕೆಯನ್ನು ಕಳೆಯುವುದಕ್ಕೆ ಕೊಠಡಿಯನ್ನು ಯಂತ್ರದಿಂದ ತಂಪು ಮಾಡುವುದು ವಿವೇಕವಲ್ಲ. 2005ರಲ್ಲಿ ಜಪಾನ್ ದೇಶದ ಸರ್ಕಾರ ಬೇಸಗೆಯಲ್ಲಿ ಕಚೇರಿಗಳ ಉಷ್ಣತೆಯನ್ನು 28 ಡಿಗ್ರಿಯಲ್ಲಿ ನಿಲ್ಲಿಸಬೇಕೆಂದು ಗೊತ್ತುಮಾಡಿ, ನೌಕರರು ಟೈ ಕೋಟುಗಳನ್ನು ಬಿಟ್ಟು ಬರಬೇಕೆಂದು ಕೇಳಿಕೊಂಡಿತು. ಪ್ರಧಾನಮಂತ್ರಿಗಳೇ ಟೈ ಇಲ್ಲದೆ ಕಾಣಿಸಿಕೊಂಡು ದಾರಿ ತೋರಿದರು. ಉಪಚಾರದ ವಿಷಯದಲ್ಲಿ ಜಗತ್ತಿನಲ್ಲಿಯೇ ಹೆಸರಾದ ಆ ಜನ ಕಾರಣವನ್ನು ಮುಂದಿಟ್ಟುಕೊಂಡು, ಎಲ್ಲರೂ ಸೇರಿ, ಕೊರಳಿನ ಬಿಗಿಯನ್ನು ಸಡಿಲಿಸಿಕೊಂಡರೇ ಹೊರತು ಕೊಳೆಯಾದ ಅಂಗಿಯಲ್ಲಿ ಬರಲಿಲ್ಲ. ನಮ್ಮಲ್ಲಿಯೂ 2020ರ ಮೇ ತಿಂಗಳಿನಲ್ಲಿ, ಸಾಂಕ್ರಾಮಿಕ ರೋಗದ ಭಯದಿಂದ, ಸರ್ವೋಚ್ಚ ನ್ಯಾಯಾಲಯ ವಕೀಲರಿಗೆ ಕಪ್ಪು ಕೋಟು ನಿಲುವಂಗಿಗಳಿಂದ ವಿನಾಯಿತಿ ನೀಡಿ, ಬಿಳಿಯ ಅಂಗಿ ಅಥವಾ ಬಿಳಿಯ ಸೀರೆ ಅಥವಾ ಬಿಳಿಯ ಸಲ್ವಾರ್ ಕಮೀಜು, ಕೊರಳಿಗೆ ಬಿಳಿಯ ಪಟ್ಟಿ ಇಷ್ಟಿದ್ದರೆ ಸಾಕೆಂದಿತು. ನ್ಯಾಯಸ್ಥಾನದ ಗೌರವ ಇದರಿಂದ ಒಂದು ಗುಲಗಂಜಿಯಷ್ಟೂ ಕಡಮೆಯಾಗಲಿಲ್ಲ.

ಅದೇ ವರ್ಷ, ವಿಡಿಯೊ ಮೂಲಕ ವಿಚಾರಣೆ ನಡೆಯುತ್ತಿದ್ದ ಆ ಕಾಲದಲ್ಲಿ, ರಾಜಸ್ಥಾನದ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ವಕೀಲರು ಬನಿಯನ್ ತೊಟ್ಟು ಕಾಣಿಸಿಕೊಂಡರು. ಸರ್ವೋಚ್ಚ ನ್ಯಾಯಾಲಯದ ಮುಂದೆ ಇನ್ನೊಬ್ಬರು ಟೀ ಷರ್ಟಿನಲ್ಲಿ ಹಾಸಿಗೆಯ ಮೇಲೆ ಒರಗಿಕೊಂಡೇ ಹಾಜರಾಗಿ, ಆಮೇಲೆ ಕ್ಷಮೆ ಬೇಡಿದರು. ಮೊದಲನೆಯ ಪ್ರಕರಣದಲ್ಲಿ ನ್ಯಾಯಾಧೀಶರು ವಿಚಾರಣೆಯನ್ನೇ ಮುಂದೂಡಿದರು; ಅದು ಜಾಮೀನಿನ ಅರ್ಜಿ. ಪತ್ರಿಕೆಗಳು ಇದನ್ನು ಮನೋರಂಜನೆಯಾಗಿ ಪ್ರಕಟಿಸಿದುವು. ನನಗೆ ಮಾತ್ರ ಸೆರೆಮನೆಯಲ್ಲಿ ಕುಳಿತು ತನ್ನ ಬಿಡುಗಡೆಯ ಸುದ್ದಿಗಾಗಿ ಕಾಯುತ್ತಿದ್ದ ಆ ಆಸಾಮಿಯ ನೆನಪೇ ಬಂದಿತು. ತನ್ನ ಪರವಾಗಿ ಮಾತನಾಡತಕ್ಕವನು ಒಂದು ಬಿಳಿಯ ಅಂಗಿಯನ್ನು ತೊಡುವ ಶ್ರಮವನ್ನೂ ಪಡಲಿಲ್ಲವೆಂದು ತಿಳಿದಾಗ ಅವನಿಗೆ ಏನೆನಿಸಿರಬೇಕು? ಉಡುಪಿನ ಅಲಕ್ಷ್ಯದಿಂದ ನೋಯುವವರು ಯಾರೆಂಬುದು ನನಗೆ ಆಗ ನಿಚ್ಚಳವಾಯಿತು. ಅಧಿಕಾರವೋ ವಿದ್ಯೆಯೋ ಕೈಯಲ್ಲಿ ಇರುವವನ ಮೇಲೆ ಭರವಸೆ ಇಟ್ಟು ಅವನ ಎದುರಿಗೆ ನಿಂತಿರುವವರು, ಬೇರೆ ಕಡೆಗೆ ಹೋಗಲಾರದವರು, ಅವರೇ ನೋಯುತ್ತಾರೆ.

ಇಲ್ಲಿಂದ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ನಾವು ಉಡುಪಿನ ಶಿಸ್ತನ್ನು ಕೇಳಬಾರದವರಿಂದ ಕೇಳುತ್ತಿದ್ದೇವೆ, ಕೇಳಬೇಕಾದವರಿಂದ ಕೇಳುವುದನ್ನು ಬಿಟ್ಟಿದ್ದೇವೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತು, ಕೈಯಲ್ಲಿ ಟಿಕೆಟು ಹಿಡಿದು ಬಂದ ಒಬ್ಬ ರೈತರನ್ನು ಅವರ ಬಟ್ಟೆ ಕೊಳೆಯಾಗಿದೆಯೆಂದು ಒಳಗೆ ಬಿಡದೆ ತಡೆದರು. ಜೊತೆಯ ಪ್ರಯಾಣಿಕರು ಅವರ ಪಕ್ಷವಹಿಸಿ ವಾದಿಸಬೇಕಾಯಿತು. ಆಮೇಲೆ ಅಲ್ಲಿಯ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಜುಲೈನಲ್ಲಿ, ಮಾಗಡಿ ರಸ್ತೆಯ ಒಂದು ಮಾಲಿನಲ್ಲಿ ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿಯ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕಾಗಿ ಬಾಗಿಲಿನಲ್ಲಿ ನಿಲ್ಲಿಸಿದರು. ಬಿಳಿಯ ಅಂಗಿ, ಬಿಳಿಯ ಪಂಚೆ! ಇದಕ್ಕಿಂತ ಗೌರವಯುತವಾದ ಉಡುಪನ್ನು ಕನ್ನಡನಾಡು ಬಲ್ಲುದೆ? ಪಂಚೆ ಉಟ್ಟವರೊಬ್ಬರು ಈ ನಾಡಿನಿಂದ ಹೋಗಿ 1996ರಲ್ಲಿ ಭಾರತದ ಪ್ರಧಾನಮಂತ್ರಿಗಳಾಗಿದ್ದರು. ಆ ರೈತರನ್ನು ತಡೆದ ದಿನ ನಾಡಿನ ಮುಖ್ಯಮಂತ್ರಿಗಳಾಗಿದ್ದವರ ನಿತ್ಯದ ಉಡುಪೂ ಪಂಚೆಯೇ. ಸುದ್ದಿ ಹರಡಿ, ವಿಧಾನಸಭೆಯಲ್ಲಿಯೂ ಪ್ರಸ್ತಾಪವಾಗಿ, ಆ ಮಾಲನ್ನು ಏಳು ದಿನಗಳ ಕಾಲ ಮುಚ್ಚಿಸಲಾಯಿತು. ಇದಕ್ಕೆ ಹತ್ತು ವರ್ಷಗಳ ಹಿಂದೆ ಚೆನ್ನೈಯಲ್ಲಿ ವೇಷ್ಟಿ ಎಂಬ ಪಂಚೆಯನ್ನು ಉಟ್ಟು ಬಂದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನೇ ಒಂದು ಕ್ಲಬ್ಬಿನವರು ಒಳಗೆ ಬಿಡದಿದ್ದುದರಿಂದ, ತಮಿಳುನಾಡಿನ ಶಾಸನಸಭೆ ಅದನ್ನು ತಡೆಯುವುದಕ್ಕೆ 2014ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಬಾಗಿಲು ಕಾಯುವವನನ್ನು ನಾನು ದೂರುವುದಿಲ್ಲ. ಅವನ ಮೈಮೇಲೆ ಇರುವುದು ಗುತ್ತಿಗೆದಾರ ಕೊಟ್ಟ ಸಮವಸ್ತ್ರ; ಅಳತೆ ಅವನದಲ್ಲ, ಆಯ್ಕೆಯೂ ಅವನದಲ್ಲ; ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನು ಅವನಿಗೆ ಬಾಯಿಬಿಟ್ಟು ಹೇಳಿಕೊಡದಿದ್ದರೂ ನಮ್ಮೆಲ್ಲರ ಕಣ್ಣಿನ ನೋಟ ಕಲಿಸಿದೆ. ದಿನವೆಲ್ಲ ದುಡಿದವನ ಬಟ್ಟೆಗೆ ಮಣ್ಣು ಹತ್ತಿದ್ದರೆ ಅದು ಅವನ ಕಾಯಕದ ಗುರುತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆಯನ್ನು ಒಗೆಯುವುದೇ ಮಡಿವಾಳ ಮಾಚಿದೇವರ ಕಾಯಕವಾಗಿದ್ದಿತು. ಬಟ್ಟೆಯನ್ನು ಶುಭ್ರವಾಗಿ ಇಡುವ ಕೆಲಸವನ್ನು ಪೂಜೆಗೆ ಸಮವೆಂದು ಎಣಿಸಿದ ನಾಡು ಇದು. ಚರಂಡಿಯನ್ನು ಶುದ್ಧಮಾಡುವ ಪೌರಕಾರ್ಮಿಕರಿಗೆ ಬದಲಿಸುವುದಕ್ಕೆ ಎರಡನೆಯ ಜೊತೆ ಬಟ್ಟೆ, ಕೈಗವಸು, ಕೆಲಸ ಮುಗಿದ ಮೇಲೆ ಮೈತೊಳೆಯುವುದಕ್ಕೆ ನೀರು ಇವನ್ನು ಒದಗಿಸದೆ ಅವರ ಬಟ್ಟೆಯನ್ನು ಕಂಡು ಮೂಗು ಮುರಿಯುವ ಅಧಿಕಾರ ಯಾರಿಗೂ ಇಲ್ಲ.

ಆದುದರಿಂದ ನನ್ನ ವಿಚಾರದಲ್ಲಿ ಉಡುಪಿನ ಹೊಣೆ ಮೇಜಿನ ಒಳಗಡೆ ಕುಳಿತವರದು. ಸಾರ್ವಜನಿಕರ ಹಣದಿಂದ ಸಂಬಳ ಪಡೆಯುವವರು, ಪಾಠ ಹೇಳುವವರು, ರೋಗಿಯ ನಾಡಿ ಹಿಡಿಯುವವರು, ತೀರ್ಪು ಕೊಡುವವರು, ಸಾಲ ಮಂಜೂರು ಮಾಡುವವರು, ವೇದಿಕೆಯ ಮೇಲೆ ಕೂರುವವರು ಇವರು ಸಲ್ಲಿಸಬೇಕಾದ ಋಣ ಅದು. ಮೇಜಿನ ಹೊರಗಡೆ ನಿಂತವರು ಹೇಗೆ ಬಂದರೂ ಸ್ವಾಗತಾರ್ಹರು. ಒಳಗಿನವರ ಉಡುಪಿಗೆ ಬೆಲೆ ಬೇಕಾಗಿಲ್ಲ, ಕೋಟು ಬೇಕಾಗಿಲ್ಲ, ಒಂದು ಒಗೆದ ಅಂಗಿ, ಅದರ ಗುಂಡಿಗಳು ತಮ್ಮ ತಮ್ಮ ಸ್ಥಾನದಲ್ಲಿ, ಒಂದು ಜೊತೆ ಒರಸಿದ ಪಾದರಕ್ಷೆ, ಬಾಚಿದ ತಲೆ ಇಷ್ಟರಿಂದ ‘ನೀವು ಬರುತ್ತೀರೆಂದು ನನಗೆ ತಿಳಿದಿತ್ತು’ ಎಂಬ ಮಾತು ಎದುರಿನವರಿಗೆ ಮುಟ್ಟುತ್ತದೆ. ಯಂತ್ರದ ಮುಂದೆ ಒಂಟಿಯಾಗಿ ಕುಳಿತು ಲೆಕ್ಕ ಬರೆಯುವ ತರುಣ ಟೀ ಷರ್ಟಿನಲ್ಲಿ ಇದ್ದರೆ ನನಗೆ ಆಕ್ಷೇಪವಿಲ್ಲ; ಅವನ ಎದುರಿಗೆ ಯಾರೂ ನಿಂತಿಲ್ಲ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿಸಿದ ಕೆಂಗಲ್ ಹನುಮಂತಯ್ಯನವರ ಮಾತನ್ನು ನಾವು ಕಟ್ಟಡದ ಅಲಂಕಾರವಾಗಿ ಮಾತ್ರ ಭಾವಿಸದೆ ಇದ್ದರೆ, ಆ ಕೆಲಸಕ್ಕೆ ಕುಳಿತುಕೊಳ್ಳುವವನು ದೇವರ ಮನೆಗೆ ಹೋಗುವವನಂತೆ ಕೈಕಾಲು ತೊಳೆದು ಮಡಿಯುಟ್ಟು ಬರಬೇಕೆಂಬುದು ತಾನಾಗಿಯೇ ಸಿದ್ಧಿಸುತ್ತದೆ.

ಇದು ಕ್ಷುಲ್ಲಕ ವಿಷಯವೆಂದೂ, ಕೆಲಸ ಚೆನ್ನಾಗಿ ಆದರೆ ಬಟ್ಟೆ ಹೇಗಿದ್ದರೇನೆಂದೂ ಹೇಳುವವರುಂಟು. ಅವರಿಗೆ ನಾನು ಮೂರು ವರ್ಷಗಳ ಹಿಂದೆ ಕಣ್ಣಾರೆ ಕಂಡುದನ್ನು ಹೇಳಬೇಕು. ಬಾಗಲಕೋಟೆಯ ಕಡೆಯ ಒಂದು ನಾಡಕಚೇರಿಗೆ, ನನ್ನ ಸ್ನೇಹಿತರೊಬ್ಬರ ಜಮೀನಿನ ಕಾಗದದ ಸಲುವಾಗಿ ಹೋಗಿ, ಬೆಂಚಿನ ಮೇಲೆ ಕುಳಿತಿದ್ದೆನು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕಿ. ಆಕೆ ಉಟ್ಟಿದ್ದುದು ಇಳಕಲ್ಲ ಸೀರೆ. ಕಪ್ಪು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ತೆನೆಯ ಸಾಲು. ಅದು ಎಂದೋ ಮದುವೆಯಲ್ಲಿಯೋ ಸೀಮಂತದಲ್ಲಿಯೋ ಬಂದ ಸೀರೆಯಾಗಿದ್ದಿರಬೇಕು. ಟ್ರಂಕಿನಲ್ಲಿ ಬಹುಕಾಲ ಇದ್ದುದರಿಂದ ಮಡಿಕೆಯ ಗೆರೆಗಳು ಚೌಕ ಚೌಕವಾಗಿ ಅಚ್ಚೊತ್ತಿದ್ದುವು, ನುಸಿಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ಕಿನ ಚೀಲ. ಅದರೊಳಗೆ ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ, ಮಡಚಿ ಮಡಚಿ ಸವೆದ ಒಂದು ಆದೇಶಪತ್ರ. ನಾಲ್ಕು ತಿಂಗಳಿನಿಂದ ಪಿಂಚಣಿ ಬಂದಿರಲಿಲ್ಲ. ಹಳ್ಳಿಯಿಂದ ಮೊದಲನೆಯ ಬಸ್ಸಿಗೆ ಹೊರಟು ಬಂದಿದ್ದೇನೆಂದು ಆಕೆ ನನಗೆ ಹೇಳಿದಳು.

ಹನ್ನೊಂದೂವರೆಗೆ ಸಂಬಂಧಪಟ್ಟ ನೌಕರ ಬಂದನು. ರಾತ್ರಿ ಮಲಗಿ ಎದ್ದ ಟೀ ಷರ್ಟೇ ಮೈಮೇಲಿದ್ದಿತು. ಅದರ ಎದೆಯ ಮೇಲೆ ಯಾವುದೋ ಪಾನೀಯದ ಜಾಹೀರಾತು. ಕೆಳಗೆ ಅರ್ಧ ಚಡ್ಡಿ, ಕಾಲಿಗೆ ಹವಾಯಿ ಚಪ್ಪಲಿ. ಅವನು ಕೆಟ್ಟವನಲ್ಲ, ವಯಸ್ಸಿನ್ನೂ ಚಿಕ್ಕದು, ಯಾರೂ ಅವನಿಗೆ ಹೇಳಿರಲಿಲ್ಲ ಅಷ್ಟೆ. ಆಕೆ ಎದ್ದು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಎರಡು ಕೈಗಳಿಂದಲೂ ಚೀಲವನ್ನು ಹಿಡಿದು, ‘ಸಾಹೇಬ್ರ, ನಾಕ್ ತಿಂಗ್ಳಾತ್ರೀ, ರೊಕ್ಕ ಬಂದಿಲ್ರೀ’ ಎಂದಳು. ಅವನು ಮೊಬೈಲಿನಿಂದ ತಲೆಯೆತ್ತದೆ, ‘ಸರ್ವರ್ ಇಲ್ಲ ಬೇ, ನಾಳೆ ಬಾ’ ಎಂದನು. ಸರ್ವರು ನಿಜವಾಗಿಯೂ ಕೆಟ್ಟಿದ್ದಿತೋ ಏನೋ, ಇರಬಹುದು. ಆಕೆ ‘ಹೂನ್ರೀ ಯಪ್ಪಾ’ ಎಂದು ಹೊರಗೆ ಬಂದಳು.

ಕಚೇರಿಯ ಮುಂದಿನ ಬೇವಿನ ಮರದ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಮೊದಲು ಆಕೆ ಸೀರೆಯ ಹಿಂಭಾಗವನ್ನು ಕೈಯಿಂದ ಸವರಿ, ಮೊಳಕಾಲಿನ ಕೆಳಗೆ ಸೇರಿಸಿ, ಚೀಲದೊಳಗಿಂದ ಒಂದು ಹಳೆಯ ಟವೆಲನ್ನು ತೆಗೆದು ಕಟ್ಟೆಯ ಮೇಲೆ ಹಾಸಿಕೊಂಡಳು. ಸೆರಗಿನ ತುದಿಗೆ ಬಸ್ಸಿನಲ್ಲಿ ಹತ್ತಿದ್ದ ಒಂದು ಚೂರು ಧೂಳನ್ನು ಉಗುರಿನಿಂದ ಕೆರೆದು, ಬಾಯಿಂದ ಊದಿದಳು. ನಾನು ನೋಡುತ್ತಿರುವುದನ್ನು ಕಂಡು, ‘ಹೊಲಸ್ ಮಾಡ್ಕೊಂಡ್ರ ಹೆಂಗ್ರೀ, ನಾಳಿಗೂ ಇದನ್ನ ಉಟ್ಕೊಂಡ್ ಬರಬೇಕಲ್ರೀ’ ಎಂದು ಹೇಳಿ, ಸೆರಗನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನ ದಾರಿ ನೋಡುತ್ತ ಕುಳಿತಳು.